ಎದ್ದು ಹೊರಟ ಪುಟದವರೆಗೆ

ಜನವರಿ 9

ಪ್ರೀತಿಯ ಗುಬ್ಬಿ,

ನಿನ್ನ ಹೊಲಿಗೆ ಅಂಗಡಿಯ ಪಕ್ಕದ ಕೋಣೆ ಖಾಲಿಯಾಗಿದೆ, ಅಲ್ಲಿ ನಾನು ಬಂದು ಕ್ಷೌರದಂಗಡಿ ಹಾಕಬಹುದು, ಬೋರ್ಡನ್ನೂ ಬರೆಯಲು ಕೊಟ್ಟಾಗಿದೆ ಎಂದು ಬರೆದಿದ್ದೀಯೆ. ಆ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಇಪ್ಪತ್ತೇಳು ವರ್ಷ ಗಿರಾಕಿಗಳ ಕಿವಿಯ ಪಕ್ಕ ನಿಂತು ಬಾಯಿಗೆ ಬಿಡುವು ಕೊಡದೆ ಮಾತಾಡಿದವನು ನಾನು. ಸ್ವಂತ ತಂಗಿಗೆ ಒಂದು ವಿಷಯ ಬರೆಯಲು ಕೈ ಏಳಲಿಲ್ಲ ನೋಡು.

ನೇರವಾಗಿ ಹೇಳಿಬಿಡುತ್ತೇನೆ. ನಾನು ಅಲ್ಲಿಗೆ ಬರುವುದಿಲ್ಲ. ಫೆಬ್ರವರಿ ಕೊನೆಗೆ ಈ ಅಂಗಡಿಯನ್ನು ನನ್ನ ಪಕ್ಕ ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುವವನಿಗೆ ಬಿಟ್ಟುಕೊಟ್ಟು ಗುಡ್ಡದ ಮೇಲಿನ ಆರೈಕೆ ಮನೆಗೆ ಹೋಗುತ್ತಿದ್ದೇನೆ. ಹೋಗಿ ಬರುವುದಕ್ಕಲ್ಲ, ಅಲ್ಲೇ ಇದ್ದು ಮಲಗಿದವರನ್ನು ನೋಡಿಕೊಳ್ಳುವುದಕ್ಕೆ.

ಮೇಷ್ಟ್ರ ವಿಷಯ ಹಿಂದೆ ಬರೆದಿದ್ದೆ. ಪ್ರತಿ ಶನಿವಾರ ನನ್ನ ಕುರ್ಚಿಯಲ್ಲಿ ಕೂತು ಪತ್ರಿಕೆಯ ತಪ್ಪುಗಳನ್ನು ತಿದ್ದುತ್ತಿದ್ದವರು. ಒಂದು ಪಕ್ಕ ಸ್ವಾಧೀನ ತಪ್ಪಿದ ಮೇಲೆ, ಹಿಂದುಮುಂದು ಯಾರೂ ಇಲ್ಲದ ಅವರನ್ನು ಆ ಮನೆಗೆ ಸೇರಿಸಿದರು. ಅಂಗಡಿಗೆ ರಜೆ ಇರುವ ಸೋಮವಾರ ಎರಡು ಬಸ್ಸು ಬದಲಾಯಿಸಿ ಹೋಗಿ ಅವರ ಗಡ್ಡ ಮಾಡಿ ಬರುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ಗಡ್ಡ ಮುಗಿದ ಮೇಲೆ ಅವರು ದಿಂಬಿನಡಿಯಿಂದ ರಟ್ಟು ಕಿತ್ತುಹೋದ ಒಂದು ಪುಸ್ತಕ ತೆಗೆಸಿ, ನನ್ನ ಕೈಯಲ್ಲಿ ಓದಿಸುತ್ತಿದ್ದರು. ಅದು ಒಬ್ಬ ಸಂತನ ಜೀವನಚರಿತ್ರೆ.

ಆತ ಮೊದಲು ಗಾರೆ ಕೆಲಸದವನು. ಬೆಟ್ಟದಾಚೆಯ ಊರಿನಲ್ಲಿ ವರ್ಷವರ್ಷವೂ ಜ್ವರ ಬಿದ್ದು, ನೀರು ಕೊಡುವವರಿಲ್ಲದೆ ಜನ ಸಾಯುತ್ತಿದ್ದರು. ದೇವರು ಇವನನ್ನು ಕರೆದು, ಎದ್ದು ಅಲ್ಲಿಗೆ ಹೋಗು ಎಂದ. ಇವನು, "ಈ ಗೋಡೆ ಒಂದು ಮುಗಿಸ್ಕೊಂಡು ಹೋಗ್ತೀನಿ ಸ್ವಾಮೀ" ಎಂದ. ಮುಗಿಸಿದ. ಅಷ್ಟರಲ್ಲಿ ಇನ್ನೊಬ್ಬರ ಮನೆಯ ಗೋಡೆ ಬಂತು. ಹೀಗೆ ಏಳು ವರ್ಷ. ಒಂದೊಂದು ಗೋಡೆಗೂ ಒಂದೊಂದು ನ್ಯಾಯವಾದ ಕಾರಣ ಇತ್ತು. ಎಂಟನೆಯ ವರ್ಷ ಒಂದು ಬೆಳಿಗ್ಗೆ, ಸೊಂಟದೆತ್ತರಕ್ಕೆ ಬಂದಿದ್ದ ಗೋಡೆಯ ಮೇಲೆ ಕರಣೆ ಇಟ್ಟು, ಕೈ ತೊಳೆದುಕೊಂಡು ಹೊರಟೇಬಿಟ್ಟ.

ಮೇಷ್ಟ್ರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಕೊನೆಯ ಗಡ್ಡವನ್ನೂ ನಾನೇ ಮಾಡಿದೆ. ಇನ್ನು ಇಲ್ಲಿ ನನಗೇನು ಕೆಲಸ ಎಂದು ಚೀಲ ಎತ್ತಿಕೊಂಡು ಬಾಗಿಲವರೆಗೆ ಬಂದಿದ್ದೆ. ಪಕ್ಕದ ಮಂಚದಲ್ಲಿ ಒಬ್ಬ ಹಳೆಯ ಅಂಚೆಯವನಿದ್ದ. ನಾಲ್ಕು ವರ್ಷದಲ್ಲಿ ಒಂದು ದಿನವೂ ಬಾಯಿ ಬಿಟ್ಟವನಲ್ಲ. ಅವನು ಗಲ್ಲ ಸವರಿಕೊಂಡು ಕೇಳಿದ:

"ನಂಗ್ಯಾವಾಗ?"

ಅಷ್ಟೇ ಗುಬ್ಬಿ. ನನಗೆ ಬಂದ ಕರೆ ಇಷ್ಟೇ. ಆಕಾಶದಿಂದ ಬೆಳಕೇನೂ ಬೀಳಲಿಲ್ಲ.

ಬೋರ್ಡು ಬರೆಯುವವನಿಗೆ ಬೇಡವೆಂದು ಹೇಳು. ಭಾವನಿಗೆ ನಮಸ್ಕಾರ, ಮಗಳಿಗೆ ಮುದ್ದು.

ನಿನ್ನ ಅಣ್ಣ

*

ಜನವರಿ 17

ಅಣ್ಣಾ,

ಕಾಗದವನ್ನು ಎರಡು ಸಲ ಓದಿದೆ. ನಾನೇ ಏನಾದರೂ ತಪ್ಪು ತಿಳಿದುಕೊಂಡೆನೇನೋ ಎಂದು ಮೂರನೇ ಸಲ ಇವರ ಕೈಯಲ್ಲಿ ಓದಿಸಿದೆ. ಇವರು ಕನ್ನಡಕ ತೆಗೆದು, "ನಿಮ್ಮಣ್ಣ ಕೇಳ್ತಾ ಇಲ್ಲ ಕಣೇ, ಹೇಳ್ತಾ ಇದಾರೆ" ಅಂದರು. ನಿನ್ನ ಮೇಲಿನ ಕೋಪವೆಲ್ಲ ಇವರ ಮೇಲೆ ತಿರುಗಿತು, ಪಾಪ. ಆ ದಿನ ಅಂಗಡಿಯಲ್ಲಿ ಹನ್ನೆರಡು ಸಮವಸ್ತ್ರಗಳಿಗೆ ಕಾಲರ್ ತಿರುವುಮುರುವು ಹೊಲಿದು ಮತ್ತೆ ಬಿಚ್ಚಿದೆ.

ನಿನ್ನ ಸಂತನ ಬಗ್ಗೆ ನನ್ನದೊಂದು ಪ್ರಶ್ನೆ ಇದೆ. ಗೋಡೆಯನ್ನು ಸೊಂಟದೆತ್ತರಕ್ಕೆ ಬಿಟ್ಟು ಕೈ ತೊಳೆದುಕೊಂಡು ಹೋದನಲ್ಲ, ಆ ಮನೆಯಲ್ಲಿ ಇರಬೇಕಾಗಿದ್ದವರು ಏನಾದರು? ಗಾಳಿ ಮಳೆಗೆ ಯಾರು ಮೈಯೊಡ್ಡಿದರು? ಅವರ ಬಗ್ಗೆ ಆ ಪುಸ್ತಕದಲ್ಲಿ ಒಂದು ಸಾಲಾದರೂ ಇದೆಯೇ? ಇಂಥ ಪುಸ್ತಕ ಬರೆಯುವವರು ಹೋದವನ ಹಿಂದೆಯೇ ಹೋಗುತ್ತಾರೆ, ಉಳಿದವರ ಮನೆಗೆ ತಿರುಗಿ ನೋಡುವುದಿಲ್ಲ.

ನಿಜ ಹೇಳು. ಇದು ದೇವರ ಕರೆಯೋ, ಒಂಟಿತನವೋ? ಅಪ್ಪ ಅಮ್ಮ ಒಂದೇ ದಿನ ಹೋದಾಗ ನನಗೆ ಒಂಬತ್ತು, ನಿನಗೆ ಇಪ್ಪತ್ತೊಂದು. ನೀನು ಓದು ಬಿಟ್ಟು ಅಪ್ಪನ ಕತ್ತರಿ ಹಿಡಿದೆ. ನನ್ನನ್ನು ಓದಿಸಿದೆ, ಹೊಲಿಗೆ ಕಲಿಸಿದೆ, ಮದುವೆ ಮಾಡಿದೆ. ನೀನು ಮಾತ್ರ ಮದುವೆ ಮುಂದೂಡುತ್ತ ಮುಂದೂಡುತ್ತ ತಲೆ ನರೆಸಿಕೊಂಡೆ. ಈಗ ನಿನ್ನನ್ನು ನಾನು ನೋಡಿಕೊಳ್ಳುವ ಕಾಲ ಬಂದಿದೆ, ಅದಕ್ಕೂ ಬಿಡುವುದಿಲ್ಲವೆಂದರೆ ಹೇಗೆ? ನಾವು ನಿನಗೆ ಸಾಲದೆ ಹೋದೆವೆ?

ಸೇವೆ ಮಾಡಬೇಡ ಎನ್ನುತ್ತಿಲ್ಲ. ನಮ್ಮೂರಲ್ಲೂ ಅಂಥ ಮನೆ ಇದೆ. ಸೋಮವಾರ ಹೋಗು. ಬೇಕಾದರೆ ಭಾನುವಾರವನ್ನೂ ಸೇರಿಸಿಕೋ. ದೇವರಿಗೂ ರಜೆಯ ದಿನ ಯಾವುದೆಂದು ಗೊತ್ತಿರುತ್ತದೆ.

ಬೋರ್ಡು ಬೇಡವೆಂದು ಹೇಳುವುದಿಲ್ಲ. ಅಕ್ಷರ ಅರ್ಧ ಆಗಿದೆ.

ಗುಬ್ಬಿ

*

ಜನವರಿ 25

ಗುಬ್ಬಿ,

ಅಂಗಡಿ ಮುಚ್ಚಿ ಕನ್ನಡಿಯ ಮುಂದೆ ಕೂತು ಬರೆಯುತ್ತಿದ್ದೇನೆ. ಎದುರಿಗೆ ಕಾಣುವವನು ಒಂಟಿ ಮನುಷ್ಯನೋ ಎಂದು ಚೆನ್ನಾಗಿ ನೋಡಿದೆ. ದಿನಕ್ಕೆ ಮೂವತ್ತು ಜನ ಬಂದು ತಮ್ಮ ಸೊಸೆಯ ಜಗಳ, ಮಂಡಿನೋವು, ಮಗನ ಫಲಿತಾಂಶ ಎಲ್ಲ ಹೇಳಿಕೊಂಡು ಹೋಗುತ್ತಾರೆ, ನನಗೆ ಒಂಟಿತನಕ್ಕೆ ಪುರುಸೊತ್ತಾದರೂ ಎಲ್ಲಿ? ಅದಲ್ಲ ಗುಬ್ಬಿ. ನಿನ್ನಿಂದ ದೂರ ಹೋಗಲು ಹೋಗುತ್ತಿಲ್ಲ.

ಸೋಮವಾರದ ಮಾತು ನಾನೂ ಯೋಚಿಸಿದ್ದೆ. ನಾಲ್ಕು ವರ್ಷ ಅದನ್ನೇ ಮಾಡಿದೆನಲ್ಲ. ಆದರೆ ಮಂಚದಲ್ಲಿ ಮಲಗಿದವರಿಗೆ ಮಂಗಳವಾರವೂ ಮೈ ಕೆರೆಯುತ್ತದೆ, ಬುಧವಾರವೂ ಉಗುರು ಬೆಳೆಯುತ್ತದೆ. ಅಲ್ಲಿ ಕೆಲಸಕ್ಕಿರುವವರು ಮೂರೇ ಜನ. ಮನೆ ನಡೆಸುವ ದೊಡ್ಡಕ್ಕ ಒಮ್ಮೆಯೂ "ಇಲ್ಲೇ ಇರಿ" ಎಂದವರಲ್ಲ. ನಾನು ಹೊರಡುವಾಗ ಬಾಗಿಲ ಹತ್ತಿರ ನಿಂತು, "ಮುಂದಿನ ಸೋಮವಾರ ಎಷ್ಟು ದೂರ ಅಲ್ವಾ" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಮುಂದಿನ ವರ್ಷ, ಮುಂದಿನ ವರ್ಷ ಎಂದು ನಾನೂ ನಾಲ್ಕು ಗೋಡೆ ಕಟ್ಟಿದ್ದಾಯಿತು.

ಅರ್ಧ ಗೋಡೆಯ ಮನೆಯವರು ಏನಾದರೆಂದು ಕೇಳಿದ್ದೀಯೆ. ನನಗೆ ಗೊತ್ತಿಲ್ಲ. ಮೇಷ್ಟ್ರಿಗೆ ಆ ಮೊದಲ ಭಾಗ ಬಹಳ ಹಿಡಿಸಿತ್ತು, ಮತ್ತೆ ಮತ್ತೆ ಅದನ್ನೇ ಓದಿಸುತ್ತಿದ್ದರು. ಅವನು ಎದ್ದು ಹೊರಟ ಪುಟದವರೆಗೆ ಓದಿದ್ದೆವು, ಅವರೂ ಎದ್ದು ಹೊರಟುಬಿಟ್ಟರು. ಅವರಿಲ್ಲದೆ ಮುಂದಿನ ಪುಟ ತಿರುವಲು ನನಗೆ ಮನಸ್ಸಾಗಲಿಲ್ಲ. ಪುಸ್ತಕವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ನೀನೇ ಓದಿ ನೋಡು. ನಿನ್ನ ಪ್ರಶ್ನೆಗೆ ಉತ್ತರ ಇದ್ದರೂ ಇರಬಹುದು, ಇಲ್ಲದಿದ್ದರೂ ನಾನು ಹೋಗುತ್ತೇನೆ. ಕರೆದವನಿಗೆ ಮುಂದಿನ ಪುಟ ಗೊತ್ತಿದೆ ಎಂಬ ನಂಬಿಕೆ ನನಗೆ ಇದೆ.

ಹೋಗುವ ಮುಂಚೆ ನಿನ್ನ ಬಾಯಿಂದ ಒಂದು "ಹೂಂ" ಬೇಕು. ನೀನು ಬೈದುಕೊಂಡೇ ಅಂದರೂ ಆದೀತು.

ಅಣ್ಣ

*

ಫೆಬ್ರವರಿ 20

ಅಣ್ಣಾ,

ಹೋಗು.

ಕೋಪದಿಂದ ಹೇಳುತ್ತಿಲ್ಲ. ಬೋರ್ಡಿನವನಿಗೆ ಹೇಳಿದ್ದೇನೆ. ಜೊತೆಗೆ ಎರಡು ಮೇಲಂಗಿ ಹೊಲಿದು ಕಳಿಸಿದ್ದೇನೆ. ಕತ್ತರಿ, ಬಾಚಣಿಗೆ ಇಡಲು ಎಡಗಡೆ ಉದ್ದ ಜೇಬು ಇಟ್ಟಿದ್ದೇನೆ. ಬಟ್ಟೆ ದಪ್ಪ, ಬಿಸಿನೀರಿನಲ್ಲಿ ಒಗೆದರೂ ಕುಗ್ಗುವುದಿಲ್ಲ.

ಹೋಗುವ ಮುಂಚೆ ಇಲ್ಲಿಗೆ ಬರಬೇಡ. ಶಾಲೆಗಳ ಹೊಲಿಗೆ ಜೋರಾಗಿದೆ, ನಿನ್ನ ಜೊತೆ ಕೂರಲು ನನಗೆ ಬಿಡುವಾಗುವುದಿಲ್ಲ. ನೇರವಾಗಿ ಅಲ್ಲಿಗೇ ಹೋಗು.

ತಂಗಿ

*

ಫೆಬ್ರವರಿ 27

ಗುಬ್ಬಿ,

ಹೂಂ ಕೇಳಿದ್ದೆ, ಸಿಕ್ಕಿತು. ಆದರೆ ಇಷ್ಟು ಗಟ್ಟಿ ಹೂಂ ನಾನು ನಿರೀಕ್ಷಿಸಿರಲಿಲ್ಲ. ಮೇಲಂಗಿ ನನಗಾಗಿಯೇ ಅಳತೆ ತೆಗೆದಂತಿದೆ. ತೋಳಿನ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದೆ, ಒಂದು ಕಡೆಯೂ ಎಳೆ ಜಗ್ಗಿಲ್ಲ. ಕೋಪದಲ್ಲಿ ಹೊಲಿದ ಬಟ್ಟೆ ಹೀಗಿರುವುದಿಲ್ಲ ಎಂದು ನನಗೇ ಹೇಳಿಕೊಂಡೆ. ಆದರೂ "ಬರಬೇಡ" ಎಂದು ಬರೆದಿದ್ದೀಯಲ್ಲ, ಅದನ್ನು ನುಂಗಲು ಆಗುತ್ತಿಲ್ಲ. ಬಿಡುವಿಲ್ಲವಂತೆ! ಜ್ವರ ಬಂದಾಗಲೂ ನನ್ನ ಜೊತೆ ಕೂತು ಹರಟಿದವಳು ನೀನು.

ಸರಿ, ನಿನ್ನ ಸಿಟ್ಟು ಇಳಿಯುವವರೆಗೆ ಕಾಯುತ್ತೇನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ. ಎರಡನೇ ಕುರ್ಚಿಯವನು ಇವತ್ತು ನನಗೆ ತಲೆಗೂದಲು ಕತ್ತರಿಸಿದ. ಹದಿನಾಲ್ಕು ವರ್ಷ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು, ಇವತ್ತು ಮೊದಲ ಸಲ ನನ್ನ ತಲೆ ಮುಟ್ಟಿದ. ಕಿವಿಯ ಮೇಲೆ ಕೂದಲನ್ನು ಮೆಟ್ಟಿಲು ಮೆಟ್ಟಿಲು ಮಾಡಿದ್ದಾನೆ. ಅದನ್ನು ಹಾಗೇ ಹೊತ್ತುಕೊಂಡು ಹೋಗುತ್ತೇನೆ.

ಹೊಸ ವಿಳಾಸ ಹಿಂಬದಿಯಲ್ಲಿದೆ.

ಅಣ್ಣ

*

ಮಾರ್ಚ್ 15

ಪ್ರೀತಿಯ ಗುಬ್ಬಿ,

ಇಲ್ಲಿ ಎಲ್ಲ ಚೆನ್ನಾಗಿದೆ. ನನಗೊಂದು ಕೋಣೆ ಕೊಟ್ಟಿದ್ದಾರೆ. ಕಿಟಕಿಯಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತದೆ, ದಿನಕ್ಕೆ ಎರಡು ಬಸ್ಸು. ಗಂಡಸರ ಕೋಣೆ ಉದ್ದಕ್ಕಿದೆ, ನೆಲಕ್ಕೆ ಕೆಂಪು ಗಾರೆ, ಪ್ರತಿ ಮಂಚದ ಪಕ್ಕ ಒಂದು ಸ್ಟೂಲು. ಬೆಳಿಗ್ಗೆ ಐದೂವರೆಗೆ ನೀರು ಕಾಯಿಸುವುದರಿಂದ ಕೆಲಸ ಶುರು. ಅಂಚೆಯವನು ಈಗ ನನ್ನ ಕಾಯಂ ಗಿರಾಕಿ. ನುಣ್ಣಗೆ ಗಡ್ಡ ಮಾಡಿಸಿಕೊಂಡು, "ಮೀಸೆ ಎಡಗಡೆ ಒಂದು ಕೂದಲು ಜಾಸ್ತಿ" ಎಂದು ತಕರಾರು ತೆಗೆಯುತ್ತಾನೆ.

ದೊಡ್ಡಕ್ಕನಿಗೆ ಮಾತು ಕಡಿಮೆ, ಕಣ್ಣು ಜಾಸ್ತಿ. ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ. ಮೈ ಗಟ್ಟಿಯಾಗಿದೆ. ನನ್ನ ಬಗ್ಗೆ ಏನೂ ಯೋಚನೆ ಬೇಡ. ಎಲ್ಲ ಚೆನ್ನಾಗಿದೆ.

ನೀನೇಕೆ ಬರೆಯುತ್ತಿಲ್ಲ? ಇನ್ನೂ ಸಿಟ್ಟೆ?

ಅಣ್ಣ

*

ಏಪ್ರಿಲ್ 6

ಅಣ್ಣಾ,

ಬರೆಯುವುದು ತಡವಾಯಿತು. ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿದೆ, ಬೈಯಬೇಡ. ಬೆನ್ನು ಹಿಡಿದುಕೊಂಡಿದೆ, ಮಲಗಿಕೊಂಡೇ ಬರೆಯುತ್ತಿದ್ದೇನೆ. ದೊಡ್ಡದೇನಲ್ಲ, ಯಂತ್ರದ ಮುಂದೆ ಬಗ್ಗಿ ಬಗ್ಗಿ ಆಗಿದ್ದು.

ಮಲಗಿದ್ದರಿಂದ ಒಂದು ಉಪಕಾರವಾಯಿತು, ನಿನ್ನ ಪುಸ್ತಕವನ್ನು ಪೂರ್ತಿ ಓದಿದೆ. ನೀನು ನಿಲ್ಲಿಸಿದ ಪುಟದಿಂದ ಮುಂದೆ ಏನಿದೆ ಗೊತ್ತೇ? ನಿನ್ನ ಸಂತ ಹೊರಟವನು ನೇರವಾಗಿ ಹೋಗಲೇ ಇಲ್ಲ. ಎರಡು ಸಲ ಹಿಂದಿರುಗಿ ಬಂದ!

ಮೊದಲ ಸಲ ಬೆಟ್ಟದ ಬುಡದವರೆಗೆ ಹೋಗಿ, ಆಚೆಯಿಂದ ಹೆಣ ಹೊತ್ತು ಬರುತ್ತಿದ್ದವರನ್ನು ನೋಡಿ, ಹೆದರಿ ವಾಪಸು ಓಡಿದ. ಊರ ಬಾಗಿಲಲ್ಲಿ ಯಾರೋ, "ಬೇಗ ಬಂದೆಯಲ್ಲಪ್ಪಾ" ಎಂದಾಗ ನಾಚಿಕೊಂಡು ಮತ್ತೆ ಹೊರಟ. ಎರಡನೇ ಸಲ ಜ್ವರದ ಊರಿಗೇ ಹೋಗಿ ಮೂರು ದಿನ ಇದ್ದು, ನನ್ನ ಕೈ ಇಟ್ಟಿಗೆಗೆ ಸರಿ, ಮನುಷ್ಯರ ಮೈಗಲ್ಲ ಎಂದುಕೊಂಡು ಬಂದುಬಿಟ್ಟ. ದಾರಿಯಲ್ಲಿ ಕೂತು ಅತ್ತನಂತೆ. ಭಯ ಹೋದ ಮೇಲೆ ಹೋಗುತ್ತೇನೆ ಎಂದು ದೇವರಿಗೆ ಹೇಳಿದನಂತೆ. ಭಯ ಹೋಗಲಿಲ್ಲ. ಕೊನೆಗೆ, ಅದೂ ಜೊತೆಗೆ ಬರಲಿ ಎಂದು ಎದ್ದು ನಡೆದ. ಆಮೇಲೆ ಮೂವತ್ತು ವರ್ಷ ಅಲ್ಲೇ ಇದ್ದ. ನನಗೆ ಅವನು ಸಂತ ಎನ್ನಿಸಿದ್ದು ಈ ಪುಟದಲ್ಲಿ. ಕರಣೆ ಇಟ್ಟು ಕೈ ತೊಳೆದುಕೊಂಡಾಗ ಸ್ವಲ್ಪ ಜಂಬದವನು ಎನ್ನಿಸಿತ್ತು.

ಇನ್ನು ಆ ಅರ್ಧ ಗೋಡೆ. ನಾನು ಪುಸ್ತಕ ಬರೆದವರಿಗೆ ಸುಮ್ಮನೆ ಬೈದೆ. ಒಂದು ಸಾಲು ಇದೆ. ಆ ಮನೆಯ ಹೆಂಗಸು ಹತ್ತು ದಿನ ಅವನ ದಾರಿ ನೋಡಿ, ಆಮೇಲೆ ತಾನೇ ಕರಣೆ ಎತ್ತಿಕೊಂಡಳಂತೆ. "ಗೋಡೆ ತುಸು ವಾಲಿತ್ತು, ಆದರೆ ಬೀಳಲಿಲ್ಲ." ಇಷ್ಟೇ. ಇದನ್ನು ಓದಿ ನಕ್ಕೆ, ಬೆನ್ನು ನೋಯುವಷ್ಟು.

ನಿನ್ನ ಕಾಗದದಲ್ಲಿ ಎರಡು ಸಲ "ಎಲ್ಲ ಚೆನ್ನಾಗಿದೆ" ಎಂದಿದೆ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ.

ನಿನ್ನ ಗುಬ್ಬಿ

*

ಏಪ್ರಿಲ್ 14

ಗುಬ್ಬಿ,

ನಿನ್ನ ಕಾಗದವನ್ನು ನಾನು ಎಲ್ಲಿ ಓದಿದೆ ಗೊತ್ತೇ? ಬಸ್ಸು ನಿಲ್ಲುವ ಜಾಗದಲ್ಲಿ, ಕಲ್ಲಿನ ಮೇಲೆ ಕೂತು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೊದಲ ವಾರವೇ ಒಬ್ಬರ ಬೆನ್ನಿನ ಹುಣ್ಣು ತೊಳೆಯಲು ಹೊದಿಕೆ ಎತ್ತಿದವನು, ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಇನ್ನೊಬ್ಬರು ನಾನು ಮುಟ್ಟಿದರೆ ಮುಖಕ್ಕೆ ಉಗುಳುತ್ತಾರೆ, ಅವರಿಗೆ ಬುದ್ಧಿ ಸ್ಥಿಮಿತವಿಲ್ಲ. ಮೇಷ್ಟ್ರು ಹೋದ ಮೇಲೆ ಸೋಮವಾರಗಳಲ್ಲಿ ಉಳಿದವರ ಗಡ್ಡ ಮಾಡಲು ಬರುತ್ತಿದ್ದೆನಲ್ಲ, ಆಗ ಎಲ್ಲರೂ ತೊಳೆದು ಬಳಿದು ಸಿದ್ಧವಾಗಿರುತ್ತಿದ್ದರು. ನಾನು ನೊರೆ ಹಚ್ಚಿ, ನಗಿಸಿ, ಹೊಗಳಿಸಿಕೊಂಡು ಹೋಗುತ್ತಿದ್ದೆ. ಅದಕ್ಕೆ ಸೇವೆ ಎಂದು ಹೆಸರಿಟ್ಟುಕೊಂಡಿದ್ದೆ. ಮಾರ್ಚ್ ಹದಿನೈದರ ಕಾಗದ ಬರೆದ ಮರುದಿನ ಬೆಳಿಗ್ಗೆ ಚೀಲ ತೆಗೆದುಕೊಂಡು ಹೊರಟೆ. ಒಂದು ಬಸ್ಸು ಹತ್ತಿ ಇಳಿದು, ಎರಡನೇ ಬಸ್ಸಿಗೆ ಕಾಯುತ್ತ ಒಂದು ಗಂಟೆ ನಿಂತು, ಸಂಜೆಯ ನೀರು ಕಾಯಿಸುವವರು ಯಾರು ಎಂಬ ಯೋಚನೆ ಹತ್ತಿ ವಾಪಸು ಬಂದೆ. ಬ್ಲೇಡು ತರಲು ಹೋಗಿದ್ದೆ ಎಂದು ಸುಳ್ಳು ಹೇಳಿದೆ.

ಮೊನ್ನೆ ಇನ್ನೊಂದಾಯಿತು. ಮೂಲೆಯ ಮಂಚದವರಿಗೆ ಗಡ್ಡ ಮಾಡುತ್ತಿದ್ದೆ. ಹಿಂದೆ ಬಡಗಿಯಾಗಿದ್ದವರು, ಬಹಳ ಸಾಧು. ಬಲಗೆನ್ನೆ ಮುಗಿಸಿ ಎಡಕ್ಕೆ ಬಂದೆ. ಕೈಯಡಿ ಉಸಿರು ನಿಂತದ್ದು ಗೊತ್ತಾಯಿತು. ಗುಬ್ಬಿ, ಏನು ಮಾಡಬೇಕೆಂದು ತಿಳಿಯದೆ ಎಡಗೆನ್ನೆಯನ್ನೂ ಮಾಡಿ ಮುಗಿಸಿದೆ. ಮುಖ ಒರೆಸಿದೆ. ಆಮೇಲೆ ದೊಡ್ಡಕ್ಕನನ್ನು ಕರೆದೆ. ಅವತ್ತು ಏನೂ ಅನ್ನಿಸಲಿಲ್ಲ. ಮರುದಿನ ಕತ್ತರಿ ಹಿಡಿಯಲು ಬೆರಳು ಮಡಚಲಿಲ್ಲ. ನನ್ನಿಂದ ಆಗದು ಎಂದು ಚೀಲ ಕಟ್ಟಿದೆ.

ಕಲ್ಲಿನ ಮೇಲೆ ಕೂತಿದ್ದಾಗ ದೊಡ್ಡಕ್ಕ ನಡೆದು ಬಂದರು.

"ಹೊರಟ್ರಾ?"

"ಹೂಂ ಅಕ್ಕಾ. ಕ್ಷಮಿಸಿ."

"ಕಾಗದ ಬಂದಿದೆ ನಿಮಗೆ. ಬಸ್ಸು ಬರೋದ್ರೊಳಗೆ ಓದ್ಕೊಳಿ" ಎಂದು ಕೊಟ್ಟು ಪಕ್ಕದಲ್ಲೇ ಕೂತರು. ನಾನು ಓದಿದೆ. ಅವನು ಎರಡು ಸಲ ತಿರುಗಿ ಬಂದ ಎಂಬಲ್ಲಿಗೆ ಬಂದಾಗ ಕಣ್ಣು ಮಂಜಾಯಿತು. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ, "ಹತ್ತೀರೋ ಇಲ್ವೋ? ಬೇಗ ಹೇಳ್ರೀ!" ಎಂದ.

"ಇಲ್ಲಪ್ಪಾ, ನೀನು ಹೋಗು" ಎಂದೆ.

ಬಸ್ಸು ಎಬ್ಬಿಸಿದ ಧೂಳು ಇಳಿಯಿತು. ಅವರಿಗೆ ಸಂತನ ವಿಷಯ ಹೇಳಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬರೀ ಎರಡೇ ಸಲಾನಾ? ನಾನು ಈ ಕಲ್ಲಿನ ಮೇಲೆ ಐದು ಸಲ ಕೂತಿದೀನಿ" ಎಂದರು. ನಕ್ಕುಬಿಟ್ಟೆವು. ಚೀಲದ ಒಂದು ಹಿಡಿಯನ್ನು ಅವರು ಹಿಡಿದರು, ಇನ್ನೊಂದನ್ನು ನಾನು ಹಿಡಿದೆ, ಒಳಗೆ ಬಂದೆವು.

ಇವತ್ತು ಹುಣ್ಣಿನವರ ಬೆನ್ನು ತೊಳೆದೆ. ವಾಕರಿಕೆ ಬಂತು, ತಡೆದುಕೊಂಡೆ. ನಾಳೆಯೂ ಬರಬಹುದು, ನಾಳೆಯೂ ತೊಳೆಯುತ್ತೇನೆ.

ನಿನ್ನ ಬೆನ್ನು ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೋ.

ಅಣ್ಣ

*

ಏಪ್ರಿಲ್ 24

ಅಣ್ಣಾ,

ನೀನು ಬಾಯಿ ಬಿಟ್ಟ ಮೇಲೆ ನಾನು ಮುಚ್ಚಿಕೊಂಡಿರುವುದು ಸರಿಯಲ್ಲ. ಕೂತು ಓದು. ಕೊನೆಯವರೆಗೆ ಓದಿದ ಮೇಲೆ ಕೋಪಿಸಿಕೋ. ಮೊದಲೇ ಹೇಳಿಬಿಡುತ್ತೇನೆ, ಈಗ ನಾನು ಆರಾಮವಾಗಿದ್ದೇನೆ.

ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ಫೆಬ್ರವರಿ ಹನ್ನೆರಡಕ್ಕೆ ಡಾಕ್ಟರು ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದರು. ತೆಗೆದು ಪರೀಕ್ಷೆಗೆ ಕಳಿಸಿದ ಮೇಲಷ್ಟೇ ಅದು ಯಾವ ಜಾತಿಯದೆಂದು ಹೇಳಬಹುದು ಎಂದರು. ಮನೆಗೆ ಬಂದು ನಿನಗೆ ಎಂಟು ಪುಟದ ಕಾಗದ ಬರೆದೆ. ಅಣ್ಣಾ, ಹೆದರಿಕೆಯಾಗುತ್ತಿದೆ, ಬಾ ಎಂದು ಬರೆದೆ. ಲಕೋಟೆಗೆ ಅಂಟು ಹಚ್ಚಿ, ಅದು ಒಣಗಲಿ ಎಂದು ನಿನ್ನ ಪುಸ್ತಕದ ಕೆಳಗೆ ಇಟ್ಟೆ. ಇಟ್ಟವಳು ಪುಸ್ತಕವನ್ನೇ ನೋಡುತ್ತ ಕೂತೆ.

ಕಾಗದ ಹಾಕಿದರೆ ನೀನು ಸಿಕ್ಕಿದ ಬಸ್ಸು ಹತ್ತಿ ಬರುತ್ತೀಯೆ. ಬಂದವನು ಹೋಗುವುದಿಲ್ಲ. ನಾನು ಹುಷಾರಾದ ಮೇಲೆ ಮಗಳ ಪರೀಕ್ಷೆ, ಅದಾದ ಮೇಲೆ ಅವಳ ಕಾಲೇಜು. ಇಪ್ಪತ್ತೇಳು ವರ್ಷದಿಂದ ನೀನು ಮುಗಿಸುತ್ತಲೇ ಇರುವ ಗೋಡೆ ಯಾವುದೆಂದು ಆಗ ಹೊಳೆಯಿತು. ಅದು ನಾನೇ. ನನ್ನನ್ನು ಬೆಳೆಸು ಎಂದು ನಿನಗೆ ಹೇಳಿದವನೂ ದೇವರೇ ಇರಬೇಕು. ಆ ಕೆಲಸವನ್ನು ನೀನು ಚೆನ್ನಾಗಿ ಮಾಡಿದೆ, ಅದು ಮುಗಿದಿದೆ. ಈಗ ಅವನು ಬೇರೆ ಕಡೆ ಕರೆಯುತ್ತಿದ್ದರೆ, ನಾನು ಅಡ್ಡ ನಿಲ್ಲಬಾರದು. ಕಾಗದ ಹರಿದು ಒಲೆಗೆ ಹಾಕಿ, ಮೇಲಂಗಿಗೆ ಬಟ್ಟೆ ಕತ್ತರಿಸಿದೆ. ಇವರು ಎರಡು ದಿನ ನನ್ನ ಜೊತೆ ಜಗಳವಾಡಿದರು, ನಿನಗೆ ಹೇಳಲೇಬೇಕೆಂದು. ಆಣೆ ಇಟ್ಟು ಬಾಯಿ ಮುಚ್ಚಿಸಿದೆ. ನೀನು ಬಂದರೆ ನನ್ನ ಮುಖ ನೋಡಿಯೇ ಕಂಡುಹಿಡಿಯುತ್ತಿದ್ದೆ, ಅದಕ್ಕೇ ಬರಬೇಡ ಎಂದದ್ದು.

ಧೈರ್ಯವಿತ್ತು ಎಂದುಕೊಳ್ಳಬೇಡ. ದೇವರ ಹತ್ತಿರ ಹಠ ಹಿಡಿದೆ. "ನಮ್ಮಣ್ಣನ್ನ ಕರ್ಕೊಂಡಿದೀಯ. ಅವನ ಜಾಗಕ್ಕೆ ಇಲ್ಲಿ ಯಾರನ್ನಾದ್ರೂ ಕಳಿಸೋದು ನಿನ್ನ ಹೊಣೆ" ಎಂದು ಖಡಾಖಂಡಿತವಾಗಿ ಹೇಳಿದೆ.

ಮಾರ್ಚ್ ಹತ್ತಕ್ಕೆ ಆಪರೇಷನ್ ಆಯಿತು. ಹೆಂಗಸರ ವಾರ್ಡಿನೊಳಗೆ ಹಗಲು ಎರಡು ಗಂಟೆ ಬಿಟ್ಟರೆ ಇವರನ್ನು ಬಿಡುತ್ತಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಒಬ್ಬ ಆಯಾ ಬಂದಳು. ಕುಳ್ಳಗೆ, ಕೀರಲು ದನಿ. ನನ್ನ ತಲೆ ನೋಡಿ, "ಏನಮ್ಮಾ ಇದು, ಹಕ್ಕಿ ಗೂಡು ಕಟ್ಟಿದೆಯಾ?" ಎಂದಳು. ಬಕೆಟ್ಟಿನಲ್ಲಿ ಬೆಚ್ಚನೆಯ ನೀರು ತಂದು, ತಲೆಯನ್ನು ಮಂಚದಂಚಿಗೆ ಎಳೆದುಕೊಂಡು, ಹೊಲಿಗೆಗೆ ಒಂದು ಚೂರೂ ನೋವಾಗದ ಹಾಗೆ ತೊಳೆದಳು. ಸಿಕ್ಕು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಅದು ಅವಳ ಕೆಲಸವಲ್ಲ, ಅವಳದು ನೆಲ ಒರೆಸುವುದು. "ಯಾಕೆ ಇಷ್ಟೆಲ್ಲ ಮಾಡ್ತೀಯಾ?" ಎಂದು ಕೇಳಿದೆ. "ಇಲ್ಲಿಗೆ ಬಂದ ಮೊದ್ಲ ದಿನವೇ ಅನ್ನಿಸ್ತು ನಂಗೆ, ನೆಲ ಒಂದೇ ಅಲ್ಲ, ಇದೂ ನನ್ನ ಪಾಲಿಂದೇ ಅಂತ" ಎಂದಳು. ದಿನಾ ಬಂದಳು.

ಅವಳ ಬೆರಳು ನನ್ನ ತಲೆಯಲ್ಲಿ ಓಡಾಡುತ್ತಿದ್ದಾಗ, ಅಷ್ಟು ದೂರದಲ್ಲಿ ನಿನ್ನ ಬೆರಳು ಯಾರ ತಂಗಿಯ ಅಣ್ಣನ ಗಲ್ಲದ ಮೇಲಿದೆಯೋ ಎಂದುಕೊಂಡೆ. ಆ ತಂಗಿಗೂ ನಿನ್ನ ಗುರುತಿಲ್ಲ. ಹೀಗೆ ಎಲ್ಲೆಲ್ಲೋ ಇರುವವರನ್ನು ಎಬ್ಬಿಸಿ, ಎಲ್ಲೆಲ್ಲಿಗೋ ಕಳಿಸಿ ಅವನು ಈ ಲೋಕವನ್ನು ನಡೆಸುತ್ತಿದ್ದಾನೆ. ನಾನು ಸುಮ್ಮನೆ ಅತ್ತೆ. ಆಯಾ ನೋವಾಯಿತೆಂದು ತಿಳಿದು ಕೈ ಇನ್ನೂ ಹಗುರ ಮಾಡಿದಳು.

ಮಾರ್ಚ್ ಇಪ್ಪತ್ನಾಲ್ಕಕ್ಕೆ ವರದಿ ಬಂತು. ಕೆಟ್ಟದ್ದಲ್ಲ. ಡಾಕ್ಟರು ಮೇ ಕೊನೆಗೆ ಬಸ್ಸಿನಲ್ಲಿ ಓಡಾಡಬಹುದು ಎಂದಿದ್ದಾರೆ. ನೀನು ಬರಬೇಡ, ನಾನೇ ಬರುತ್ತೇನೆ. ಮಗಳೂ ಬರುತ್ತಾಳಂತೆ. ಮೇ ಇಪ್ಪತ್ತೆಂಟಕ್ಕೆ, ಮಧ್ಯಾಹ್ನದ ಬಸ್ಸಿಗೆ.

ಈಗ ಬೈದು ಬರೆ.

ನಿನ್ನ ಗುಬ್ಬಿ

*

ಮೇ 27

ಗುಬ್ಬಿ,

ಈ ಕಾಗದ ನಿನಗೆ ಅಂಚೆಯಲ್ಲಿ ತಲುಪುವುದಿಲ್ಲ. ನಾಳೆ ಕೈಗೇ ಕೊಡುತ್ತೇನೆ. ಎದುರಿಗೆ ಕೂತರೆ ಬೇರೆ ಏನೋ ಹರಟಿಬಿಡುತ್ತೇನೆ, ಆದ್ದರಿಂದ ಬರೆದಿಡುತ್ತಿದ್ದೇನೆ.

ತಿಂಗಳು ಪೂರ್ತಿ ನಿನಗೆ ಉತ್ತರ ಬರೆಯಲಿಲ್ಲ. ಬಸ್ಸಿನ ಸಮಯ ಕೇಳಿ ಭಾವನಿಗೆ ಒಂದು ಕಾರ್ಡು ಹಾಕಿದ್ದು ಬಿಟ್ಟರೆ ಪೆನ್ನು ಮುಟ್ಟಲಿಲ್ಲ. ಮೊದಲು ಕೋಪ. ಇವಳು ಯಾರು ನನ್ನಿಂದ ಮುಚ್ಚಿಡಲು ಎಂದು ಹತ್ತು ದಿನ ಕುದಿದೆ. ವರದಿ ಬೇರೆ ರೀತಿ ಬಂದಿದ್ದರೆ? ಆಗಲೂ ಹೇಳುತ್ತಿರಲಿಲ್ಲವೇ? ಅಂಚೆಯವನ ಗಡ್ಡ ಮಾಡುತ್ತ ಇದನ್ನೆಲ್ಲ ಗೊಣಗಿದೆ. ಅವನು ನೊರೆಯ ನಡುವಿನಿಂದಲೇ, "ನಿಮ್ ತಂಗಿ ನಿಮ್ಮನ್ನ ನಂಬಿರ್ಲಿಲ್ಲ ಅಂತ ಕೋಪಾನೋ, ದೇವರನ್ನ ನಿಮಗಿಂತ ಜಾಸ್ತಿ ನಂಬಿದ್ಲು ಅಂತ ಕೋಪಾನೋ?" ಎಂದು ಕೇಳಿದ. ನಲವತ್ತು ವರ್ಷ ಊರವರ ಕಾಗದ ಹಂಚಿದವನಿಗೆ ಮನಸ್ಸು ಓದಲು ಬರುತ್ತದೆ.

ಕರೆ ನನಗೆ ಬಂತು, ನಾನು ಹೊರಟೆ ಎಂದು ಬೀಗಿದ್ದೆ. ನನ್ನನ್ನು ಕಳಿಸಿಕೊಡು ಎಂಬ ಕರೆ ನಿನಗೂ ಬಂದಿತ್ತು ಎಂದು ನನಗೆ ಹೊಳೆಯಲೇ ಇಲ್ಲ. ನಾನಂತೂ ಎರಡು ಸಲ ತಿರುಗಿ ಬಂದೆ. ನೀನು ಒಂದು ಸಲವೂ ತಿರುಗಲಿಲ್ಲ. ನನ್ನ ಕೋಪವೆಲ್ಲ ಇಳಿದಿದೆ. ಆ ಆಯಾಗೆ ನನ್ನ ನಮಸ್ಕಾರ ಹೇಳು.

ದೊಡ್ಡಕ್ಕ ನನ್ನನ್ನು ಕಾಯಂ ಮಾಡಿದ್ದಾರೆ. ಹೇಗೆ ಗೊತ್ತೇ? ನನ್ನ ಕೋಣೆಯ ಬಾಗಿಲಿಗೆ ಹೊಸ ಚಿಲಕ ಹಾಕಿಸಿ, "ಇದು ಒಳಗಡೆಯಿಂದ ಮಾತ್ರ ಹಾಕೋದು, ಹೊರಗಡೆ ಬೀಗ ಹಾಕ್ಕೊಂಡು ಹೊರಡೋಕೆ ಆಗಲ್ಲ" ಎಂದರು. ಉಗುಳುತ್ತಿದ್ದವರು ಈಗ ವಾರಕ್ಕೆ ಎರಡು ಸಲ ಮಾತ್ರ ಉಗುಳುತ್ತಾರೆ, ಅದೂ ಗುರಿ ತಪ್ಪುತ್ತದೆ. ಹುಣ್ಣಿನವರ ಬೆನ್ನಿನಲ್ಲಿ ಹೊಸ ಚರ್ಮ ಬಂದಿದೆ, ಎಳೆ ಮಗುವಿನ ಚರ್ಮದ ಹಾಗೆ. ನೋಡಿದಾಗಲೆಲ್ಲ ಸ್ತೋತ್ರ ಹೇಳಬೇಕೆನ್ನಿಸುತ್ತದೆ.

ಇನ್ನು ಇವತ್ತಿನ ಕತೆ ಕೇಳು. ಬೆಳಿಗ್ಗೆ, ನಾಳೆ ನನ್ನ ತಂಗಿ ಬರುತ್ತಾಳೆ ಎಂದು ಗಂಡಸರ ಕೋಣೆಯಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಕೋಣೆಯೇ ಎದ್ದು ಕೂತಿತು. ಇಲ್ಲಿಗೆ ಯಾರನ್ನಾದರೂ ನೋಡಲು ಯಾರಾದರೂ ಬಂದು ಏಳೆಂಟು ತಿಂಗಳಾಗಿದೆಯಂತೆ. "ನಮ್ಮನೆಗೆ ನೆಂಟ್ರು ಬರ್ತಾರೆ" ಎಂದು ಒಬ್ಬರು. "ಹೀಗೆ ಕೂತ್ರೆ ಏನಂದ್ಕೋತಾರೆ ಆ ಹೆಣ್ಮಗು" ಎಂದು ಇನ್ನೊಬ್ಬರು. ಸರದಿ ಹಚ್ಚಿದರು. ನಿನ್ನೆ ಮಾಡಿಸಿಕೊಂಡವರೂ ಮತ್ತೆ ಬಂದರು. ತಲೆಗೆ ಎಣ್ಣೆ ಬೇಕಂತೆ, ಬೈತಲೆ ನೆಟ್ಟಗೆ ಬೇಕಂತೆ, ಕಿವಿಯ ಕೂದಲು ತೆಗೆಯಬೇಕಂತೆ. ಉಗುಳುವವರು ಕೂಡ ಗಲ್ಲ ಮುಂದೆ ಚಾಚಿ ಗಪ್ಪನೆ ಕೂತಿದ್ದರು. ಬೆಳಿಗ್ಗೆ ಆರಕ್ಕೆ ಹಿಡಿದ ರೇಜರ್ ಕೆಳಗಿಟ್ಟಾಗ ಮಧ್ಯಾಹ್ನ ಎರಡೂವರೆ. ಭುಜ ಕಳಚಿ ಬಿದ್ದ ಹಾಗಾಗಿದೆ, ಆದರೆ ಇಪ್ಪತ್ತೇಳು ವರ್ಷದಲ್ಲಿ ಇಂಥ ಒಂದು ದಿನ ನನ್ನ ಅಂಗಡಿಯಲ್ಲಿ ಆಗಿರಲಿಲ್ಲ.

ಈಗ ಎಲ್ಲರೂ ದಿಂಬಿಗೆ ಒರಗಿ, ಕೂದಲು ಕೆಡದ ಹಾಗೆ ತಲೆ ಅಲುಗಿಸದೆ ಕೂತಿದ್ದಾರೆ. ಬಸ್ಸು ನಾಳೆ ಎಂದು ಎಷ್ಟು ಹೇಳಿದರೂ ಕಿಟಕಿಯ ಕಡೆಗೇ ನೋಡುತ್ತಾರೆ.

ಬಸ್ಸು ತಪ್ಪಿಸಿಕೊಳ್ಳಬೇಡ ತಾಯೀ. ಒಂದು ದಿನ ತಡವಾದರೂ ಎಲ್ಲರಿಗೂ ಗಡ್ಡ ಮತ್ತೆ ಬೆಳೆಯುತ್ತದೆ.

ನಿನ್ನ ಅಣ್ಣ